ಯಾರ ಪಾಲಿಗೂ ಬಗ್ಗದ ಮಂದೆ

ಒಂದಾನೊಂದು ಕಾಲದಲ್ಲಿ, ನಿಮ್ಮಜ್ಜನ ಅಜ್ಜನಿಗೂ ಹಲ್ಲು ಹುಟ್ಟಿರದ ಕಾಲದಲ್ಲಿ ಅಂತಿಟ್ಕೋ, ಒಬ್ಬ ರಾಜ ಇದ್ದನಂತೆ. ಅವನ ಕುರಿಗಳನ್ನು ಮಾಳಿಂಗ ಅನ್ನೋ ಕುರುಬ ಮೀಸೆ ಮೂಡೋಕೆ ಮುಂಚಿನಿಂದ ಕಾಯ್ತಿದ್ದನಂತೆ. ಹೆಂಡತಿ ಮಕ್ಕಳಿಲ್ಲ, ಆ ಮಂದೆಯೇ ಅವನಿಗೆ ಮನೆ. ಹೀಗಿರುವಾಗ ರಾಜನಿಗೆ ಕುರಿಗಳನ್ನು ಹಂಚಿಬಿಡೋಣ ಅನ್ನಿಸಿತಂತೆ. ಪಾಲು ಸಮ ಇರಬೇಕು, ಒಂದೂ ಮಿಗಬಾರದು, ಅದು ಅವನ ಹಟ.

ಎಣಿಸೋಕೆ ಅಂತ ಪರದೇಶದಿಂದ ಹೊಸದಾಗಿ ಬಂದಿದ್ದ ಕರಣಿಕನನ್ನು ಕಳಿಸಿದನಂತೆ. ಮಾಳಿಂಗ ದೊಡ್ಡಿ ಬಾಗಿಲಲ್ಲಿ ಒಂದೊಂದೇ ಕುರಿ ಬಿಡ್ತಾ ಎಣಿಕೆ ಕೂಗೋದು, ಕರಣಿಕ ಎಣಿಕೆಗೊಂದು ಕಲ್ಲು ಮಡಕೆಗೆ ಹಾಕೋದು. ಮಾಳಿಂಗನಿಗೆ ಹತ್ತರಾಚೆ ಬಾರದು, ಹತ್ತಾದ ಮೇಲೆ ಮತ್ತೆ ಒಂದು, ಎರಡು. ಸಂಜೆಗೆ ಕಲ್ಲು ಎರಡು ಸಾವಿರದ ಐನೂರ ಹತ್ತೊಂಬತ್ತು ಆದವಂತೆ.

ಇಬ್ಬರು ರಾಣಿಯರಿಗೆ ಹಂಚು ಅಂದ ರಾಜ. ಕರಣಿಕ ಲೆಕ್ಕ ಹಾಕಿ, ಒಂದು ಕಮ್ಮಿ, ಬುದ್ಧಿ, ಅಂದ. ಆಮೇಲೆ ರಾಜ ಮೂವರು ಗಂಡುಮಕ್ಕಳಿಗೆ ಹಂಚು ಅಂದ. ಆಗಲೂ ಒಂದು ಕಮ್ಮಿ. ಆಮೇಲೆ ಹತ್ತು ಹಳ್ಳಿಗೆ. ಅದಕ್ಕೂ ಒಂದೇ ಕಮ್ಮಿ. ರಾಜ ಕೆಂಡವಾಗಿ ಮಾಳಿಂಗನ ಕಡೆ ತಿರುಗಿ, ಆ ಒಂದನ್ನ ನೀನೇ ಕೊಯ್ದು ತಿಂದಿದೀಯ ಕಣೋ, ಕಂಬಳಿ ಕೋಲು ಕಿತ್ಕೊಂಡು ಊರು ಬಿಡಿಸ್ತೀನಿ ಅಂದನಂತೆ.

ಲೆಕ್ಕ ನಂಗೆ ಬರಲ್ಲ ಬುದ್ಧಿ, ಮುಖ ಗೊತ್ತು, ಅಂದನಂತೆ ಮಾಳಿಂಗ. ಎಲ್ಲಾ ಮುಖಾನೂ ಇದಾವೆ. ಕಲ್ಲು ಹಂಚೋದು ಬಿಟ್ಟು ಕುರೀನೇ ನಿಲ್ಲಿಸಿ ನೋಡಿ.

ನಿಲ್ಲಿಸಿದರಂತೆ. ಎರಡು ಪಾಲಿಗೆ ಸಮ, ಮೂರಕ್ಕೆ ಸಮ, ಹತ್ತಕ್ಕೂ ಸಮ. ರಾಜನಿಗೆ ಆಸೆ ಹತ್ತಿ ನಾಲ್ಕು, ಐದು, ಆರು ಅಂತ ಎಲ್ಲಾ ನೋಡಿದನಂತೆ.

ಏಳಕ್ಕೂನಾ ಅಜ್ಜಿ?

ಏಳಕ್ಕೂ ಕಣೇ, ಪಾಲಿಗೆ ಮುನ್ನೂರರವತ್ತು. ಎಂಟಕ್ಕೂ, ಒಂಬತ್ತಕ್ಕೂ. ಕುರಿ ಎರಡು ಸಾವಿರದ ಐನೂರ ಇಪ್ಪತ್ತು ಇದ್ದವಲ್ಲ, ಅದಕ್ಕಿಂತ ಚಿಕ್ಕ ಸಂಖ್ಯೆ ಯಾವುದಕ್ಕೂ ಆ ಗುಣ ಇಲ್ಲವಂತೆ.

ಹಾಗಾದ್ರೆ ನನ್ನ ಕಲ್ಲು ಎಲ್ಲಿ ಹೋಯ್ತು ಅಂತ ಕರಣಿಕ ಮತ್ತೆ ಎಣಿಸೋಕೆ ಕೂತನಂತೆ. ಮಾಳಿಂಗ ಮೊದಲ ಕುರಿ ಬಿಟ್ಟು ಲಾಭ ಅಂದ. ಕರಣಿಕನ ಕೈ ಅಲ್ಲಾಡಲಿಲ್ಲ. ಕಲ್ಲು ಹಾಕಲ್ವೇನಯ್ಯಾ ಅಂತ ರಾಜ ಕೇಳಿದರೆ, ಅವನಿನ್ನೂ ದೇವರನ್ನ ನೆನೀತಿದಾನಲ್ಲ, ಎಣಿಕೆ ಶುರು ಮಾಡಲಿ ಅಂದನಂತೆ! ಮೊದಲನೇದಕ್ಕೆ ನಮ್ಮಲ್ಲಿ ಒಂದು ಅನ್ನಲ್ಲ ಸ್ವಾಮಿ, ಲಾಭ ಅಂತೀವಿ ಅಂದ ಮಾಳಿಂಗ. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತಂತೆ.

ಕಳ್ಳ ಅಲ್ಲ ಅಂತಾಯ್ತು. ಆದರೆ ರಾಜ, ಸರಿ, ಹತ್ತು ಹಳ್ಳಿಗೆ ಹೊಡ್ಕೊಂಡು ಹೋಗಿ ಅಂದುಬಿಟ್ಟ. ಮಾಳಿಂಗ ನೆಲ ನೋಡ್ತಾ ನಿಂತನಂತೆ. ಅಷ್ಟರಲ್ಲಿ ಒಂದು ಕುರಿ ಅಲ್ಲೇ ಮರಿ ಹಾಕ್ತಂತೆ. ಎರಡು ಸಾವಿರದ ಐನೂರ ಇಪ್ಪತ್ತೊಂದು! ಹತ್ತಕ್ಕೆ ಹಂಚಿದರೆ ಒಂದು ಮಿಕ್ಕಿತು, ಮೂರಕ್ಕೂ ಮಿಕ್ಕಿತು, ಎರಡಕ್ಕೂ ಮಿಕ್ಕಿತು. ಆಮೇಲೆ ಕರಣಿಕ ಹನ್ನೊಂದು, ಹದಿಮೂರು, ಹದಿನೇಳು ಅಂತ ಮೂರು ದಿನ ಭಾಗಿಸಿದನಂತೆ, ಯಾವುದಕ್ಕೂ ಬಗ್ಗಲಿಲ್ಲ.

ಮತ್ತೆ ಎಷ್ಟು ಜನಕ್ಕೆ ಸರಿಹೋಗುತ್ತಯ್ಯಾ ಅಂದನಂತೆ ರಾಜ.

ತಲೆಗೊಂದು ಕೊಟ್ಟರೆ ಸರಿಹೋಗುತ್ತೆ, ಆದರೆ ನಿಮ್ಮ ರಾಜ್ಯದಲ್ಲಿ ಅಷ್ಟು ತಲೆ ಇಲ್ಲ. ಇಲ್ಲಾಂದ್ರೆ ಎಲ್ಲಾ ಒಬ್ಬನಿಗೇ, ಬುದ್ಧಿ, ಅಂದನಂತೆ ಕರಣಿಕ.

ರಾಜ ಮಾಳಿಂಗನ ಕಡೆ ನೋಡಿದನಂತೆ. ಅವನು ಮರೀನ ಕಂಬಳಿಯೊಳಗೆ ಸುತ್ತಿಕೊಂಡು ನಿಂತಿದ್ದ. ಹೊರಡು ಮತ್ತೆ, ಕುರಿ ಹಸಿದಿದಾವೆ ಅಂದನಂತೆ ರಾಜ.

ಮಂದೆ ಹಟ್ಟಿ ಸೇರ್ತು, ಕತೆ ಮುಗೀತು. ಕಣ್ಣು ಮುಚ್ಚು ಪುಟ್ಟಿ.