ಐಸ್ ಮೇಲಿನ ಫ್ರಾಕೂ ನನ್ನ ಮಗ ಗವಿಯೂ

"ಈ ಸಾಕಮ್ಮನ ಕೈಲಿ ಅಂಗಡಿ ನಡೆಸೋಕಾಗುತ್ತಾ? ಮಗನೋ ಪೆದ್ದ, ತಾಯಿಯೋ ಹೆಬ್ಬೆಟ್ಟು!" ಅಂದವಳು ನನ್ನ ಗಂಡನ ಅಕ್ಕ ಹೊನ್ನಾಜಮ್ಮ. ಬೀದಿಯಲ್ಲಿ ನಿಂತು ಅಂದಳು, ನಾಲ್ಕು ಜನ ಕೇಳುವ ಹಾಗೆ ಅಂದಳು.

ಮಗ ಪೆದ್ದ ಅನ್ನುವುದು ನಿಜ. ನಾನು ಮುಚ್ಚಿಡುವವಳಲ್ಲ. ನನ್ನ ಗವಿಯಪ್ಪ ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಹೇಳಿದಷ್ಟೇ. "ಹಾಲು ಉಕ್ಕಿದರೆ ಕೂಗೋ" ಅಂದರೆ ಒಲೆಯ ಮುಂದೆ ಕೈಕಟ್ಟಿ ಕೂತು, ಹಾಲೆಲ್ಲ ಉಕ್ಕಿ ಒಲೆ ಆರಿದ ಮೇಲೆ "ಅಮ್ಮಾ, ಉಕ್ಕಿತು!" ಅಂತ ಕೂಗುವನು.

ತಾಯಿ ಹೆಬ್ಬೆಟ್ಟು ಅನ್ನುವುದು ಸುಳ್ಳು. ನಮ್ಮ ಹೊಲಿಗೆ ಕಸುಬಿನಲ್ಲಿ ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಳೇ ಪತ್ರಿಕೆಯಲ್ಲಿ ನಮೂನೆ ಕತ್ತರಿಸಿಕೊಳ್ಳುತ್ತೇವೆ. ಅದಕ್ಕೆ ಪೇಪರ್ ಕಟಿಂಗ್ ಅನ್ನುತ್ತೇವೆ. ನಾನು ಓದು ಕಲಿತದ್ದು ಅದರಲ್ಲೇ. ತೋಳಿನಲ್ಲಿ ಅರ್ಧ ಸುದ್ದಿ, ಬೆನ್ನಿನಲ್ಲಿ ಇನ್ನರ್ಧ. ಕೂಡಿಸಿ ಕೂಡಿಸಿ ಓದಿದೆ, ಯಾರ ಹತ್ತಿರವೂ ಹೋಗಿ ಕೇಳಲಿಲ್ಲ.

ಆದರೆ ಅಂಗಡಿಯ ಕೋಣೆ ಹೊನ್ನಾಜಮ್ಮನದು. "ಯುಗಾದಿಗೆ ಖಾಲಿ ಮಾಡು ಸಾಕಮ್ಮ. ನೀನು ಬಂದು ನಮ್ಮನೆ ಅಡುಗೆ ನೋಡಿಕೋ. ಆ ಪೆದ್ದ ನಮ್ಮ ಎಮ್ಮೆ ತೊಳೆದುಕೊಂಡಿರಲಿ" ಅಂದಳು.

"ನೋಡೋಣ ಅತ್ತಿಗೆ" ಅಂದೆ ನಾನು.

ಆಗಲೇ ಬಂದವರು ಲವೀನಾ ಮೇಡಂ. ನಮ್ಮೂರಲ್ಲಿ ಹೊಸದಾಗಿ ಮಾಲ್ ಎದ್ದಿತ್ತು. ಅದರ ಮೇಲಿನ ಮಹಡಿಯಲ್ಲಿ ಒಂದು ಅಂಗಳದ ತುಂಬ ಐಸ್! ಹೊರಗೆ ತಲೆ ಸುಡುವ ಬಿಸಿಲು, ಒಳಗೆ ಐಸ್ ಮೇಲೆ ಮಕ್ಕಳು ಕಾಲಿಗೆ ಉಕ್ಕಿನ ಪಟ್ಟಿಯ ಬೂಟು ಕಟ್ಟಿಕೊಂಡು ಕುಣಿಯುತ್ತಾರೆ. ಅವರಿಗೆ ಕಲಿಸುವವರು ಈ ಮೇಡಂ.

"ಸಾಕಮ್ಮ, ನಮ್ಮ ಇಂಚರ ಅನ್ನೋ ಹುಡುಗಿ ಮೊದಲ ಸಲ ಪಂದ್ಯಕ್ಕೆ ಇಳೀತಾಳೆ. ಅವಳಿಗೊಂದು ಫ್ರಾಕ್ ಹೊಲೀರಿ. ಚೆನ್ನಾಗಿ ಬಂದರೆ ನಮ್ಮ ಮಕ್ಕಳೆಲ್ಲರ ಉಡುಪೂ ಇನ್ನು ಮೇಲೆ ನಿಮ್ಮದೇ" ಅಂದರು.

ಅಷ್ಟು ಕೆಲಸ ಸಿಕ್ಕರೆ ನಾನೇ ಒಂದು ಅಂಗಡಿ ಮಾಡಿಕೊಂಡು ಹೋಗಬಹುದು. ಸಿಗದಿದ್ದರೆ ನನಗೆ ಸೌಟು, ಗವಿಗೆ ಎಮ್ಮೆ.

ಮದುವೆ ಕಾಲ. ರವಿಕೆಗಳ ರಾಶಿ ಬಿದ್ದಿತ್ತು, ಮಷಿನ್ ಬಿಟ್ಟು ಏಳುವ ಹಾಗಿರಲಿಲ್ಲ. ಗವಿಯನ್ನು ಕರೆದೆ. "ಮಗಾ, ಗೋಡೆಗೆ ನೇತು ಹಾಕಿರೋ ಪೇಪರ್ ಕಟಿಂಗ್ ನೋಡು. ಆಟ ಆಡೋರಿಗೆ ಸರಿಹೋಗೋದು ಒಂದು ಆರಿಸು. ಮೇಡಂಗೆ ತೋರಿಸಿ, ಆಗುತ್ತಾ ಅಂತ ಕೇಳಿಕೊಂಡು ಬಾ."

"ಆಗಲಮ್ಮ, ಹಾಗೇ ಮಾಡ್ತೀನಿ!"

ಹೋದ. ಬಂದ. ಮುಖದ ತುಂಬ ನಗು.

"ಮೇಡಂ ಏನಂದರೋ?"

"ನಕ್ಕರಮ್ಮ. ತುಂಬಾ ನಕ್ಕರು."

ಕೈಯಲ್ಲಿದ್ದುದನ್ನು ಬಿಡಿಸಿ ನೋಡಿದೆ. ಹೋಟೆಲಿನ ಅಡುಗೆ ಭಟ್ಟರ ಪಟಾಪಟಿ ಚಡ್ಡಿಯ ಕಟಿಂಗ್!

"ಇದನ್ಯಾಕೋ ತಗೊಂಡು ಹೋದೆ?"

"ಇದೇ ಅಲ್ಲವೇನಮ್ಮ ಆಟದ್ದು? ನೋಡು, ಇಲ್ಲಿ ಕ್ರಿಕೆಟ್ ಸುದ್ದಿ. ಈ ಕಾಲಲ್ಲಿ ಕಬಡ್ಡಿ. ಮಿಕ್ಕದ್ದರಲ್ಲೆಲ್ಲ ಬರೀ ರಾಜಕೀಯ!"

"ಅಯ್ಯೋ ನನ್ನ ಕಂದ, ತಲೇಲಿ ಏನಿಟ್ಟುಕೊಂಡಿದ್ದೀಯೋ! ಕಾಗದದ ಮೇಲೆ ಏನು ಬರೆದಿದೆ ಅಂತ ನೋಡಬಾರದು. ಮೈಗೆ ಹಿಡಿದು ನೋಡಬೇಕು. ಮೈಗೆ ಕೂತರೆ ಅದೇ ಸರಿ!"

"ಆಗಲಮ್ಮ, ಹಾಗೇ ಮಾಡ್ತೀನಿ!"

ಮಾರನೆಯ ದಿನ ಮೇಡಂ ತಮ್ಮ ಹತ್ತಿರವಿದ್ದ ನಮೂನೆಗಳನ್ನೇ ಇವನ ಮುಂದೆ ಹರಡಿದರಂತೆ. ಒಬ್ಬಳೇ ಸುತ್ತಿ ನೆಗೆಯುವ ಹುಡುಗಿಗೆ ತೊಡೆಯ ಮೇಲೆ ನಿಲ್ಲುವ ಗಿಡ್ಡ ಲಂಗದ್ದು. ಜೋಡಿಯಾಗಿ ಕುಣಿಯುವವಳಿಗೆ ಮೊಣಕಾಲು ಮುಟ್ಟಿ ಹಾರುವ ಲಂಗದ್ದು. ಯಾವುದು ಎಷ್ಟು ವಯಸ್ಸಿನವರಿಗೆ ಅಂತ ಪ್ರತಿಯೊಂದರ ಮೇಲೂ ಅಚ್ಚಾಗಿತ್ತು. "ಇಂಚರಂಗೆ ಆಗೋದು ತಗೊಂಡು ಹೋಗಪ್ಪ" ಅಂದು ಅವರು ಪಾಠಕ್ಕೆ ಹೋದರು.

ಗವಿ ಅಚ್ಚಾದದ್ದರ ಕಡೆ ಕಣ್ಣೂ ಹಾಯಿಸಲಿಲ್ಲ. ಕಣ್ಣು ಮುಚ್ಚಿಕೊಂಡೇ ಒಂದೊಂದನ್ನೂ ಮೈಗೆ ಹಿಡಿದ. ತನ್ನ ಮೈಗೆ! ಕುಸ್ತಿ ಆಡುವವನ ಹಾಗಿರುವ ಮೈಗೆ! ಚಿಕ್ಕವು ಕಂಕುಳಲ್ಲಿ ಹರಿದವು, ನಡುವಿನವು ಬೆನ್ನಲ್ಲಿ ಹರಿದವು. ಎಲ್ಲಕ್ಕಿಂತ ದೊಡ್ಡದನ್ನು ಮೈಗೆ ಸುತ್ತಿಕೊಂಡು ಬೀದಿಯಲ್ಲೇ ನಡೆದು ಬಂದ.

"ಕೂತಿತಮ್ಮ! ನೋಡು, ಎಷ್ಟು ಚೆನ್ನಾಗಿ ಕೂತಿದೆ!"

ಹಿಂದೆಯೇ ಹೊನ್ನಾಜಮ್ಮ. "ಸಾಕಮ್ಮ, ನಿನ್ನ ಮಗನಿಗೆ ಗಂಡು ನೋಡೋಣವಾ?"

ನಾನು ಗವಿಯನ್ನು ಒಳಗೆಳೆದುಕೊಂಡೆ. "ಅಯ್ಯೋ ನನ್ನ ಕಂದ, ತಲೇಲಿ ಏನಿಟ್ಟುಕೊಂಡಿದ್ದೀಯೋ! ಹಾಕಿಕೊಳ್ಳೋದು ನೀನಾ? ಆ ಹುಡುಗಿ! ಅಳತೆ ಟೇಪು ತಗೊಂಡು ಹೋಗು, ಅವಳ ಅಳತೆ ತಾ. ಅವಳು ಐಸ್ ಮೇಲೆ ಕೈ ಎತ್ತುತ್ತಾಳೆ, ಬಾಗುತ್ತಾಳೆ. ಅಲ್ಲಿ ಹೇಗಿರುತ್ತಾಳೋ ಹಾಗೇ ಅಳೆದುಕೊಂಡು ಬಾ!"

"ಆಗಲಮ್ಮ, ಹಾಗೇ ಮಾಡ್ತೀನಿ!"

ಇಂಚರ ಬೆಂಚಿನ ಹತ್ತಿರ ಬಂದು ನಿಂತು, "ಅಣ್ಣ, ಅಳತೆ ತಗೋ" ಅಂದಳಂತೆ. "ಇಲ್ಲಲ್ಲ, ಅಲ್ಲಿಗೆ ಹೋಗು!" ಅಂದನಂತೆ ಇವನು. ಅವಳು ಐಸಿಗೆ ಇಳಿದಳು. ಇವನೂ ಹವಾಯಿ ಚಪ್ಪಲಿಯಲ್ಲೇ ಇಳಿದ. ಅವಳು ಮುಂದೆ ಮುಂದೆ, ಟೇಪು ಹಿಡಿದು ಇವನು ಹಿಂದೆ ಹಿಂದೆ. "ಅಣ್ಣ, ಬರಬೇಡ!" "ನಿಲ್ಲಬೇಡಮ್ಮ, ನಿಂತರೆ ಅಳತೆ ಕೆಡುತ್ತೆ!" ಕೂತು ಜಾರಿದ, ಮಲಗಿ ಜಾರಿದ. ಕೊನೆಗೆ ಅವಳು ಒಂದು ಕಾಲು ಮುಂದೆ ಚಾಚಿ, ಕುಕ್ಕರುಗಾಲಲ್ಲಿ ಕೂತು ಗಿರಗಿರ ತಿರುಗುವಾಗ, ಪಕ್ಕದಲ್ಲೇ ಬಿದ್ದಿದ್ದವನು ನೆಲದಿಂದ ಹೆಗಲಿಗೆ ಟೇಪು ಹಿಡಿದೇಬಿಟ್ಟ.

"ಅಮ್ಮ, ಬರೆದುಕೋ. ಹೆಗಲಿಂದ ನೆಲಕ್ಕೆ ಎರಡು ಗೇಣು."

"ಕೋಳಿಗೆ ಫ್ರಾಕ್ ಹೊಲೀತೀನೇನೋ?"

"ತಿರುಗುವಾಗ ಅಷ್ಟೇ ಇದ್ದಳಮ್ಮ. ನಾನೇ ನೋಡಿದೆನಲ್ಲ!"

ಬೈದೆ. ಬೈದು, ಊಟ ಬಡಿಸಿದೆ. ಆಮೇಲೆ ರವಿಕೆಗಳನ್ನು ಬದಿಗಿಟ್ಟು ನಾನೇ ಹೋದೆ. ಹುಡುಗಿಯನ್ನು ನಿಲ್ಲಿಸಿ, ಹೆಗಲಿಂದ ಇಳಿಸಿ, ಕಾಲುಗಳ ನಡುವೆ ತಂದು, ಬೆನ್ನ ಮೇಲಿಂದ ಮತ್ತೆ ಹೆಗಲಿಗೆ ಟೇಪು ಹಿಡಿದೆ. ಈ ಫ್ರಾಕಿಗೆ ಒಳಗೆ ಚಡ್ಡಿಯೂ ಕೂಡಿಯೇ ಇರುತ್ತೆ, ಆ ಅಳತೆ ತಪ್ಪಿದರೆ ಕೈ ಎತ್ತಿದಾಗ ಇಡೀ ಫ್ರಾಕೇ ಮೇಲೆ ಬರುತ್ತೆ. ಹರಿದ ನಮೂನೆಗಳನ್ನು ಅಲ್ಲಿಂದ ತಂದು, ಮೈದಾ ಅಂಟು ಹಚ್ಚಿ ಕೂಡಿಸಿದೆ. ಪೂರ್ತಿ ತೋಳು, ತೆರೆದ ಬೆನ್ನು, ದುಂಡನೆಯ ಗಿಡ್ಡ ಲಂಗ ಇರುವುದನ್ನು ಆರಿಸಿ, ಅದರ ಮೇಲೆ ನಮ್ಮ ಪತ್ರಿಕೆ ಹಾಸಿ ಕಟಿಂಗ್ ತೆಗೆದೆ.

ಇನ್ನು ಬಟ್ಟೆ. ಗವಿ ಬಾಗಿಲಲ್ಲಿ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದ. ನನ್ನ ಕರುಳು ಕೇಳಲಿಲ್ಲ. "ಪೇಟೆಗೆ ಹೋಗು ಮಗಾ. ಕೂತ ಅಳತೆ, ನಿಂತ ಅಳತೆ ಎಲ್ಲ ಮರೆತುಬಿಡು. ಎಳೆದರೆ ಬರಬೇಕು, ಬಿಟ್ಟರೆ ವಾಪಸ್ ಹೋಗಬೇಕು. ಅಂಥದ್ದು ತಾ."

"ಆಗಲಮ್ಮ, ಹಾಗೇ ಮಾಡ್ತೀನಿ!"

ಬಟ್ಟೆ ಅಂಗಡಿಯಲ್ಲಿ ಥಾನುಗಳನ್ನೆಲ್ಲ ಎಳೆದನಂತೆ. ಗಿರಾಕಿಯ ಸೆರಗನ್ನೂ ಎಳೆದನಂತೆ. ಅಂಗಡಿಯವರು ಆಚೆ ತಳ್ಳಿದರು. ಎದುರಿಗೇ ಪಂಕ್ಚರ್ ಅಂಗಡಿ. ಸೈಕಲ್ ಟ್ಯೂಬು ಹೆಗಲ ಮೇಲೆ ಹಾಕಿಕೊಂಡು ಬಂದ.

"ಎಳೆದು ನೋಡಮ್ಮ! ಬಂತಾ? ಬಿಡು. ಹೋಯಿತಾ?"

ನಗಲೋ ಅಳಲೋ! ಹೊನ್ನಾಜಮ್ಮ ನಕ್ಕಳು, ಅದಕ್ಕೇ ನಾನು ಅಳಲಿಲ್ಲ. ನಾನೇ ಹೋಗಿ, ಎಳೆದಷ್ಟೂ ಹಿಗ್ಗುವ ನೀಲಿ ಲೈಕ್ರಾ ಬಟ್ಟೆ ತಂದೆ. ಹೊಲಿದೆ. ಒಂದೊಂದು ಹೊಲಿಗೆಯನ್ನೂ ಎಳೆದು ನೋಡಿ ಹೊಲಿದೆ. ಎದೆಯ ಮೇಲೆ ಮಣಿ ಕೂರಿಸಿದೆ, ಪ್ರತಿ ಮಣಿಗೂ ಬೇರೆ ಬೇರೆ ಗಂಟು ಹಾಕಿದೆ.

ಮೇಡಂ ಎಚ್ಚರಿಸಿದ್ದರು: "ಉಡುಪಿನಿಂದ ಒಂದು ಮಣಿ ಉದುರಿದರೂ ಅಂಕ ಕಳೀತಾರೆ ಸಾಕಮ್ಮ. ಉದುರಿದ್ದರ ಮೇಲೆ ಕಾಲಿಟ್ಟರೆ ಮಗು ಬೀಳುತ್ತೆ."

ಪಂದ್ಯದ ದಿನ ಗವಿಗೆ ಹೇಳಿದೆ: "ಇವತ್ತು ನೀನು ಏನೂ ಆರಿಸಬೇಡ, ಏನೂ ಅಳೀಬೇಡ, ಏನೂ ತರಬೇಡ. ಐಸ್ ಸುತ್ತ ಇರೋ ಕಟಕಟೆ ಹತ್ತಿರ ನಿಂತುಕೋ. ಐಸ್ ಮೇಲೆ ಏನೂ ಬೀಳಬಾರದು. ಅದೊಂದೇ ನೋಡಿಕೋ."

"ಏನೂ ಬೀಳಬಾರದಾ?"

"ಏನೂ."

"ಆಗಲಮ್ಮ, ಹಾಗೇ ಮಾಡ್ತೀನಿ!"

ಇಂಚರ ಇಳಿದಳು. ಏನು ಹೇಳಲಿ! ಕೈ ಎತ್ತಿದರೆ ಫ್ರಾಕ್ ಕದಲಲಿಲ್ಲ. ತಿರುಗಿದರೆ ಲಂಗ ಹೂವಿನ ಹಾಗೆ ಅರಳಿತು. ನೋಡಿ ನಗಲೆಂದೇ ಬಂದಿದ್ದ ಹೊನ್ನಾಜಮ್ಮನೂ ಕತ್ತು ಚಾಚಿ ನೋಡಿದಳು. ಇನ್ನೊಂದು ನೆಗೆತ ನೆಗೆದರೆ ಮುಗಿಯಿತು. ನೆಗೆದಳು. ಇಳಿಯುವಾಗ ಕಾಲು ಹೊರಳಿತು.

"ಬೀಳ್ತಾಳೆ!" ಅಂತ ಯಾರೋ ಕೂಗಿದರು.

ಬೀಳುವುದಾ? ಐಸ್ ಮೇಲಾ? ನನ್ನ ಗವಿ ಕಟಕಟೆ ಹಾರಿದ. ಬೋರಲು ಬಿದ್ದು ಸರ್ರನೆ ಜಾರಿದ. ಐಸಿಗೂ ಹುಡುಗಿಗೂ ನಡುವೆ ಹಾಸಿಗೆಯ ಹಾಗೆ ಬಂದು ಮಲಗಿದ. ಇಂಚರ ದೊಪ್ಪನೆ ಅವನ ಬೆನ್ನ ಮೇಲೆ ಬಿದ್ದಳು. ಇಬ್ಬರೂ ಜಾರಿಕೊಂಡು ಹೋಗಿ ಆಚೆ ಗೋಡೆಗೆ ಬಡಿದರು.

ಹಾಡು ನಿಂತಿತು. ಪಂದ್ಯ ಕೆಟ್ಟಿತು.

"ಆಯಿತಲ್ಲ ಸಾಕಮ್ಮ? ನಾಳೆ ಬೆಳಿಗ್ಗೆ ಬಾ, ಎಮ್ಮೆ ಕಾಯ್ತಿರ್ತಾವೆ" ಅಂದಳು ಹೊನ್ನಾಜಮ್ಮ.

ಲವೀನಾ ಮೇಡಂ ಹುಡುಗಿಯನ್ನು ಎಬ್ಬಿಸಿ ತಂದರು. ಅವಳಿಗೆ ಒಂದು ಗೀರೂ ಇರಲಿಲ್ಲ. ಮೇಡಂ ಅವಳನ್ನು ತಿರುಗಿಸಿ ನೋಡಿದರು. ಕಂಕುಳ ಹೊಲಿಗೆ ಎಳೆದರು, ಸೊಂಟದ ಹೊಲಿಗೆ ಎಳೆದರು, ಎದೆಯ ಮಣಿಗಳ ಮೇಲೆ ಕೈಯಾಡಿಸಿದರು.

"ಇಷ್ಟು ಬಿದ್ದರೂ ಒಂದು ದಾರ ಬಿಟ್ಟಿಲ್ಲವಲ್ರೀ! ಎಲ್ಲ ಮಕ್ಕಳದ್ದೂ ನೀವೇ ಹೊಲೀರಿ. ಪಂದ್ಯ ಮುಂದಿನ ವರ್ಷವೂ ಬರುತ್ತೆ. ಆದರೆ ಸಾಕಮ್ಮ, ನಿಮ್ಮ ಮಗನ್ನ ಮಾತ್ರ ಮನೇಲಿ ಬಿಟ್ಟು ಬನ್ನಿ."

"ಅವನು ಬರದ ಕಡೆ ನನ್ನ ಹೊಲಿಗೆಯೂ ಬರಲ್ಲ ಮೇಡಂ" ಅಂದೆ.

ಅವರು ನನ್ನನ್ನು ನೋಡಿದರು, ಹುಡುಗಿಯನ್ನು ನೋಡಿದರು. "ಸರಿ, ಕಟಕಟೆಗೆ ಕಟ್ಟಿಹಾಕಿ ಮತ್ತೆ!" ಅಂದು ನಕ್ಕುಬಿಟ್ಟರು.

ಗವಿ ಎಲ್ಲಿ? ಇನ್ನೂ ಐಸ್ ಮೇಲೇ ಇದ್ದ. ಅಂಬೆಗಾಲಿನಲ್ಲಿ ಏನನ್ನೋ ಹುಡುಕುತ್ತಿದ್ದ. ಗಲ್ಲದ ಮೇಲೆ ರಕ್ತ. ನಾನು ಜಾರುತ್ತಾ ಏಳುತ್ತಾ ಓಡಿದೆ.

"ತಪ್ಪಾಯಿತಮ್ಮ. ಎರಡು ಬಿದ್ದುಬಿಟ್ಟವು" ಅಂತ ಅಳುತ್ತಾ ಅಂಗೈ ಬಿಚ್ಚಿದ. ಅವನ ಮುಂದಿನ ಎರಡು ಹಲ್ಲು. "ಮತ್ತೆ ಹೊಲಿದುಬಿಡಮ್ಮ. ಈ ಸಲ ಗಂಟು ಹಾಕು, ಉದುರಬಾರದು."

ಬೈಯಲು ಬಾಯಿ ತೆರೆದವಳು ಸೆರಗಿನಿಂದ ಅವನ ಬಾಯಿ ಒರೆಸಿದೆ.

ಈಗ ಮಾಲಿನ ಹಿಂದಿನ ಬೀದಿಯಲ್ಲಿ ನನ್ನದೇ ಅಂಗಡಿ ಇದೆ. ಮೂರು ಮಷಿನ್ ಇವೆ. ಗೋಡೆಯ ತುಂಬ ಒಂಟಿ ಕುಣಿತದ್ದು ಒಂದು ಸಾಲು, ಜೋಡಿ ಕುಣಿತದ್ದು ಒಂದು ಸಾಲು ಪೇಪರ್ ಕಟಿಂಗ್ ತೂಗುತ್ತಿವೆ. ಬಾಗಿಲ ಮೇಲೆ ನನ್ನ ಹೆಸರಿದೆ, ನಾನೇ ಬರೆದದ್ದು. ಇಷ್ಟಕ್ಕೆಲ್ಲ ನಾವು ತೆತ್ತದ್ದು ನನ್ನ ಗವಿಯ ಮುಂದಿನ ಎರಡು ಹಲ್ಲು.