ಗೊರವಂಕದ ಕಣ್ಣ ಸುತ್ತ ಹಳದಿ

ಹಂಸಿನಿಗೆ ಒಂದು ಅಭ್ಯಾಸ. ಟೀವಿ ನೋಡುವಾಗಲೂ ಹೋಮ್‌ವರ್ಕ್ ಮಾಡುವಾಗಲೂ ಮಣಿಕಟ್ಟಿನಿಂದ ಕಣ್ಣುರೆಪ್ಪೆ ಉಜ್ಜಿಕೊಳ್ಳುತ್ತಾಳೆ. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು. ರೆಪ್ಪೆಯೆಲ್ಲ ಕೆಂಪಾಗಿ, ಹೊಟ್ಟು ಎದ್ದು, ಕೆನ್ನೆಯವರೆಗೂ ಉರಿ.

"ಕೈ ತೆಗಿ ಪುಟ್ಟಿ," ಅಂದರು ಅಜ್ಜಿ, ಡಾಕ್ಟರು ಕೊಟ್ಟ ಮುಲಾಮು ಸವರುತ್ತ. "ಒಣಗೋವರೆಗೂ ಮುಟ್ಟಬಾರದು."

"ಒಂದೇ ಒಂದು ಸಲ, ಅಜ್ಜಿ!"

"ಗೊರವಂಕನೂ ಹೀಗೇ ಅಂದಿತ್ತು. ಕೈ ತೊಡೆ ಕೆಳಗಿಟ್ಟು ಕೂತ್ಕೋ, ಹೇಳ್ತೀನಿ."

ಆಗಿನ್ನೂ ಬೆಟ್ಟಗಳ ಮೈ ಹಸಿಯಾಗಿತ್ತು. ಹೊಳೆಗೆ ಯಾವ ಕಡೆ ಹರಿಯಬೇಕು ಅಂತ ಸರಿಯಾಗಿ ಗೊತ್ತಿರಲಿಲ್ಲ. ಗೊರವಂಕಕ್ಕೆ ಕಣ್ಣಿನ ಅಂಚಿನವರೆಗೂ ನುಣುಪಾದ ಕರಿ ಪುಕ್ಕ ಇತ್ತು.

ಹೊಳೆ ದಂಡೆಯ ಹೊಂಗೆ ಮರದ ಪೊಟರೆಯಲ್ಲಿ ಅದು ಗೂಡು ಮಾಡಿತು. ನಾಲ್ಕು ನೀಲಿ ಮೊಟ್ಟೆ ಇಟ್ಟಿತು. ಆದರೆ ಪೊಟರೆ ಕೆದಕುವಾಗ ಉದುರಿದ ಪುಡಿ ಕಣ್ಣುರೆಪ್ಪೆಗೆ ಮೆತ್ತಿಕೊಂಡಿತ್ತು. ತುರಿಕೆ ಅಂದರೆ ತುರಿಕೆ! ಈ ಕೊಂಬೆಗೆ ಉಜ್ಜಿತು, ಆ ಕೊಂಬೆಗೆ ಉಜ್ಜಿತು. ರೆಪ್ಪೆ ಊದಿಕೊಂಡು ಕಣ್ಣೇ ಮುಚ್ಚಿಹೋಯಿತು.

"ಏನಮ್ಮಾ, ಹಗಲಲ್ಲೇ ನಿದ್ದೆನಾ?" ಕಾಗೆ ಅಣಕಿಸಿತು. "ಕೇರೆಹಾವು ನಿನ್ನ ಮರದ ಕೆಳಗೇ ಸುಳಿದಾಡ್ತಿದೆ. ಮೊಟ್ಟೆ ಜೋಪಾನ!"

ಗೊರವಂಕ ಹೊಳೆಯ ಕಡೆ ಮುಖ ತಿರುಗಿಸಿತು. ಕಣ್ಣು ಕಾಣದೆ ಕಾಯುವುದು ಹೇಗೆ?

"ಹೊಳೆಯಮ್ಮಾ, ಏನಾದರೂ ಮಾಡೇ!"

ಹೊಳೆಯಮ್ಮ ತನ್ನ ದಂಡೆಯ ಅರಿಶಿನದ ಕೊಂಬನ್ನು ಕಲ್ಲಿಗೆ ತೇಯ್ದಳು. ಗೊರವಂಕದ ರೆಪ್ಪೆಗೆ ದಪ್ಪಗೆ ಮೆತ್ತಿದಳು. "ಒಣಗೋವರೆಗೂ ಮುಟ್ಟಬೇಡ. ಗಾಳಿಯಣ್ಣ ಊದ್ತಾನೆ."

"ನಾನು ಒಂದು ಕಡೆ ನಿಲ್ಲೋನೇ ಅಲ್ಲ," ಅಂದ ಗಾಳಿಯಣ್ಣ. "ನಿನಗೋಸ್ಕರ ನಿಲ್ತೀನಿ. ನೀನು ಅಲುಗಾಡಿದರೆ ನಾನು ಹೊರಟೆ."

ಉಫ್... ಉಫ್... ತಂಪಾಯಿತು. ಅರಿಶಿನ ಅರ್ಧ ಒಣಗಿತು. ಅರ್ಧ ಒಣಗಿದಾಗಲೇ ತುರಿಕೆ ಜಾಸ್ತಿ.

ಗೊರವಂಕ ಬಲಗಾಲು ಎತ್ತಿತು, ಇಳಿಸಿತು. ಎಡಗಾಲು ಎತ್ತಿತು, ಇಳಿಸಿತು.

"ಒಂದೇ ಒಂದು ಸಲ, ಗಾಳಿಯಣ್ಣಾ?"

"ಊಹೂಂ."

ಅಷ್ಟರಲ್ಲಿ ಕೆಳಗೆ ಸರ್ರ್ ಅಂತ ಸದ್ದು. ಎಲೆಯೋ? ಹಾವೋ? ಮತ್ತೆ ಸರ್ರ್. ಈ ಸಲ ಇನ್ನೂ ಹತ್ತಿರ.

ತಡೆಯಲಾಗಲಿಲ್ಲ. ಗೊರವಂಕ ಮುಖವನ್ನು ತೊಗಟೆಗೆ ಬಲವಾಗಿ ಉಜ್ಜಿಬಿಟ್ಟಿತು. ಅರಿಶಿನದ ಜೊತೆ ಪುಕ್ಕವೂ ಕಿತ್ತುಬಂತು. ಕಣ್ಣು ಒಂದು ಗೆರೆಯಷ್ಟು ತೆರೆಯಿತು. ಪೊಟರೆಯ ಬಾಯಲ್ಲೇ ಕೇರೆಹಾವಿನ ತಲೆ!

ಕೀಚ್ ಕೀಚ್ ಅಂತ ಗೊರವಂಕ ಕಿರುಚಿದ ರಭಸಕ್ಕೆ ಕಾಡಿನ ಹಕ್ಕಿಗಳೆಲ್ಲ ಹಾರಿಬಂದವು, ಅಣಕಿಸಿದ ಕಾಗೆಯೂ ಬಂತು. ಎಲ್ಲ ಸೇರಿ ಕುಕ್ಕಿ ಕುಕ್ಕಿ ಹಾವನ್ನು ಓಡಿಸಿದವು.

ನಾಲ್ಕು ಮೊಟ್ಟೆಯೂ ಉಳಿದವು. ಆದರೆ ಕಣ್ಣ ಸುತ್ತ ಪುಕ್ಕ ಮತ್ತೆ ಬರಲಿಲ್ಲ, ಅರಿಶಿನದ ಬಣ್ಣ ಹೋಗಲಿಲ್ಲ, ತುರಿಕೆಯೂ ಪೂರ್ತಿ ನಿಲ್ಲಲಿಲ್ಲ. ಗಾಳಿಯಣ್ಣ ಆಗಲೇ ಬೆಟ್ಟ ದಾಟಿದ್ದ.

ಅದಕ್ಕೇ ನೋಡು, ನಮ್ಮ ಬಟ್ಟೆ ಒಣಗಿಸೋ ತಂತಿ ಮೇಲೆ ಬಂದು ಕೂರುವ ಗೊರವಂಕದ ಕಣ್ಣ ಸುತ್ತ ಇವತ್ತಿಗೂ ಬರೀ ಹಳದಿ ಚರ್ಮ, ನಿಂತಲ್ಲಿ ನಿಲ್ಲದೆ ಆ ಕೆನ್ನೆ, ಈ ಕೆನ್ನೆ ತಂತಿಗೆ ತೀಡುತ್ತ, ಗಾಳಿ ಹಾದುಹೋದಾಗಲೆಲ್ಲ ಅದು ಕೂಗುತ್ತದೆ: "ಗಾಳಿಯಣ್ಣಾ, ಇನ್ನು ಅಲುಗಾಡಲ್ಲ, ಒಂದೇ ಒಂದು ಸಲ ಊದೋ!"