ಹಗೇವು ತೆಗೆಯಿರಿ

ವಿಜಯಪುರದ ಗುರುಪಾದ ಒಂದು ಸಾಫ್ಟ್‌ವೇರ್ ಕಟ್ಟಿದ್ದ. ಹಾಡು, ಫೋಟೋ, ಕಾಗದಪತ್ರ ಏನೇ ಇರಲಿ, ಎಲ್ಲವನ್ನೂ ಇಂಟರ್ನೆಟ್ಟಿನ ಕ್ಲೌಡ್‌ನಲ್ಲಿ ಭದ್ರವಾಗಿ ಇಡುವ ಸಾಫ್ಟ್‌ವೇರ್. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಅವನ ಸೀಮೆಯಲ್ಲಿ ಜೋಳ ತುಂಬಿಡುವ ನೆಲದ ಗುಂಡಿಗೆ ಹಗೇವು ಅನ್ನುತ್ತಾರೆ. ಸಾಫ್ಟ್‌ವೇರಿಗೂ ಅದೇ ಹೆಸರಿಟ್ಟ. ಬಳಸುವುದು ಹೇಗೆ ಅಂತ ಕನ್ನಡದಲ್ಲೇ ಒಂದು ಕೈಪಿಡಿ ಬರೆದು ಅದರ ಜೊತೆಗಿಟ್ಟ. ಬುದ್ಧಿವಂತ, ಕೈ ದೊಡ್ಡದು. ಕೋಪ ಮಾತ್ರ ಮೂಗಿನ ತುದಿಯಲ್ಲೇ.

ಇತ್ತ ನಾಗಮಂಗಲದ ಹತ್ತಿರ ಒಂದು ಪುಟ್ಟ ಸಮುದಾಯ ಬಾನುಲಿ. ಅದನ್ನು ನಡೆಸುವಾಕೆ ವನಮಾಲಾ. ಊರೂರು ಸುತ್ತಿ ಅಜ್ಜಿಯರ ಸೋಬಾನೆ ಪದಗಳನ್ನು ರೆಕಾರ್ಡ್ ಮಾಡಿ ಹಗೇವಿನಲ್ಲೂ ಒಂದು ಪ್ರತಿ ಇಟ್ಟಿದ್ದಳು. ಹಾಡಿದವರಲ್ಲಿ ಎಷ್ಟೋ ಜನ ಈಗ ಇಲ್ಲ. ಒಂದು ದಿನ ಬಾನುಲಿಯ ಕಂಪ್ಯೂಟರ್ ಸುಟ್ಟು ಕೂತಿತು. ಇನ್ನು ಆ ದನಿಗಳು ಉಳಿದಿದ್ದರೆ ಹಗೇವಿನಲ್ಲಿ ಮಾತ್ರ.

ಹೊಸ ಕಂಪ್ಯೂಟರ್ ತಂದು ಕೈಪಿಡಿ ಓದಿದಳು. "ಮೊದಲು ಹಳೆಯ ಹಗೇವು ತೆಗೆಯಿರಿ. ಆಮೇಲೆ ಹೊಸ ಕಂಪ್ಯೂಟರ್ ಜೋಡಿಸಿ" ಎಂದಿತ್ತು. ತೆಗೆಯುವುದು ಎಲ್ಲಿ ಅಂತ ಹುಡುಕಿದರೆ ಪರದೆಯ ಮೇಲೆ ಕಂಡದ್ದು 'ಅಳಿಸು' ಎಂಬ ಗುಂಡಿ. ಒತ್ತಿದಳು. "ಖಂಡಿತವೇ?" ಎಂದು ಕೇಳಿತು. ಕೈ ಹಿಂದೆಳೆದುಕೊಂಡು ಹಗೇವಿನ ಬಳಕೆದಾರರ ಗುಂಪಿನಲ್ಲಿ ಬರೆದಳು.

"ತೆಗೆಯೋದು ಅಂದ್ರೆ ಬಾಗಿಲು ತೆಗೆದಂಗೋ, ಕಳೆ ತೆಗೆದಂಗೋ? ಬಿಡಿಸಿ ಹೇಳಿ. ಸತ್ತೋದ ಅಜ್ಜಿಯರ ದನಿ ಅದರೊಳಗೈತೆ."

ಗುರುಪಾದ ರೇಗಿದ. "ಹಗೇವು ಯಾಕ ತಗೀತಾರ ಅಂತ ಸಣ್ಣ ಹುಡುಗರಿಗೂ ಗೊತ್ತೈತ್ರಿ. ಇದನ್ನೂ ಬಿಡಿಸಿ ಬರೀಬೇಕೇನು?"

"ನಾನು ಹಗೇವು ಕಂಡೋಳೇ ಅಲ್ಲ ಕಣಪ್ಪ. ನೀನು ಬರೆದಿರೋದು ನಿಮ್ಮೂರಿಗೆ ಮಾತ್ರನಾ?" ಎಂದಳು ವನಮಾಲಾ.

ಅಷ್ಟರಲ್ಲಿ ಕೋಲಾರದ ಕಡೆಯ ಒಬ್ಬ ಗ್ರಂಥಪಾಲಕ ಬರೆದ: "ನಾವು ಅಳಿಸಿಯೇ ಬಿಟ್ವಿ ಸಾರ್. ಊರಿನ ಹಳೇ ಫೋಟೋ ಎಲ್ಲಾ ಹೋಯ್ತು. ನಮಗೇ ಓದೋಕೆ ಬರಲಿಲ್ಲ ಅಂದ್ಕೊಂಡು ಸುಮ್ಮನಾದ್ವಿ."

ಗುರುಪಾದನಿಗೆ ನಾಚಿಕೆಯಾಯಿತು. ಕೋಪ ಎಲ್ಲಿಗೆ ಹೋಯಿತೋ. "ತಪ್ಪು ನಂದೈತ್ರಿ ಅಕ್ಕಾರ. ಹಗೇವಿನ ಬಾಯಿ ತಗೀರಿ, ಅಂದ್ರ ತೆರೀರಿ ಅಂತ ಅರ್ಥ. ಏನೂ ಅಳಿಸಬ್ಯಾಡ್ರಿ. ನಿಮ್ಮ ಹಾಡು ಅಲ್ಲೇ ಅದಾವು" ಎಂದು ಬರೆದ.

ಬೇಕಾದ ಉತ್ತರ ಸಿಕ್ಕಿತು. ಬೇರೆಯವರಾಗಿದ್ದರೆ ಹಾಡು ಎತ್ತಿಕೊಂಡು ತಮ್ಮ ಪಾಡಿಗೆ ತಾವು ಹೋಗುತ್ತಿದ್ದರು, ನಾವೂ ನೀವೂ ಹೋಗುವ ಹಾಗೆ. ವನಮಾಲಾ ಹೋಗಲಿಲ್ಲ. ಈ ಹೊತ್ತಿಗೇ ಇನ್ಯಾರೋ ಅದೇ ಸಾಲು ಓದುತ್ತಿದ್ದರೆ ಅನ್ನಿಸಿತು. ಮೊದಲು ಕೈಪಿಡಿಯ ಸಾಲು ತಿದ್ದಿದಳು: "ಹಳೆಯ ಹಗೇವನ್ನು ತೆರೆಯಿರಿ. ಏನನ್ನೂ ಅಳಿಸಬೇಡಿ." ಗುರುಪಾದ ಒಂದಕ್ಷರ ಬದಲಿಸದೆ ಒಪ್ಪಿ, ಬರೆದವರ ಸಾಲಿನಲ್ಲಿ ತನ್ನ ಹೆಸರಿನ ಪಕ್ಕ ಅವಳ ಹೆಸರು ಸೇರಿಸಿದ.

ಸ್ವಲ್ಪ ಹೊತ್ತಿಗೆ ಬೀದರಿನ ಒಬ್ಬ ಮೇಷ್ಟ್ರು ಗುಂಪಿನಲ್ಲಿ ಕೇಳಿದರು: "ಕೈಪಿಡಿ ಈಗಷ್ಟೇ ಬದಲಾಯಿತೇ? ಶಾಲೆಯ ದಾಖಲೆ ಅಳಿಸಲು ಕುಳಿತಿದ್ದೆ. ಎಲ್ಲ ಉಳಿಯಿತು."

ಅದನ್ನೋದಿ ಗ್ರಂಥಪಾಲಕನಿಗೂ ಹುರುಪು ಬಂತು. ಎರಡನೇ ಪ್ರತಿ ಇಡುವುದು ಹೇಗೆಂದು ಒಂದು ಪುಟ ತಾನೇ ಬರೆದು ಸೇರಿಸಿದ. "ನಮ್ಮ ಫೋಟೋ ಹೋದಂಗೆ ಇನ್ನೊಬ್ಬರದು ಹೋಗಬಾರದು" ಎಂದ.

ಆಮೇಲೆ ವನಮಾಲಾ ತನ್ನ ಹಗೇವನ್ನು ತೆರೆದಳು. ಒಂದು ಹಾಡೂ ಕಳೆದಿರಲಿಲ್ಲ. ಸಂತೋಷಕ್ಕೆ ಕಣ್ಣು ತುಂಬಿ ಬಂತು. ಅವತ್ತೇ ಬಾನುಲಿಯಲ್ಲಿ, ತೀರಿಹೋದ ಮುದ್ದಮ್ಮಜ್ಜಿಯ ಸೋಬಾನೆ ಬಿತ್ತರವಾಯಿತು. ಹಾಡು ಮುಗಿಯುವ ಮೊದಲೇ ಅಜ್ಜಿಯ ಮಗಳ ಫೋನು ಬಂತು.

"ನಮ್ಮವ್ವ ಹಾಡ್ತಾವ್ಳೆ ಕಣಕ್ಕ. ನಿಲ್ಲಿಸಬ್ಯಾಡ, ಬೀದಿಯೋರೆಲ್ಲ ಬಂದು ಕುಂತವ್ರೆ."

ನೀತಿ: ಬರೆದವನಿಗೆ ಗೊತ್ತಿರುವುದೆಲ್ಲ ಓದುವವರಿಗೂ ಗೊತ್ತಿರುತ್ತದೆ ಎಂದುಕೊಳ್ಳಬೇಡಿ. ತಿಳಿಯದಿದ್ದರೆ ಕೇಳಲು ನಾಚಬೇಡಿ. ತಿಳಿದ ಮೇಲೆ, ಹಿಂದೆ ಬರುವವರಿಗಾಗಿ ಆ ಒಂದು ಸಾಲನ್ನು ತಿದ್ದಿ ಮುಂದೆ ಹೋಗಿ.